ಲ್ಯಾಪ್‌ಟಾಪ್ ಸ್ಲೋ ಆಗಿದೆ, ಹೊಸದು ತಗೊಳ್ಳಾ?

ಕಂಪ್ಯೂಟರ್ ಬಿಚ್ಚಿ ಜೋಡಿಸೋ ಹುಚ್ಚು ನನಗಿದೆ ಅಂತ ಗೊತ್ತಾದ ಮೇಲೆ ನೆಂಟರು, ಫ್ರೆಂಡ್ಸು, ಎದುರು ಮನೆಯೋರು ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗ್ಬಿಟ್ಟಿದೆ ಕಣೋ, ಏಳೆಂಟು ವರ್ಷ ಆಯ್ತಲ್ಲ, ಹೊಸದು ತಗೊಳ್ಳಾ?" ಕೇಳೋ ಹೊತ್ತಿಗೆ ಮುಕ್ಕಾಲು ಜನ ಮನಸ್ಸಲ್ಲೇ ಹೊಸದನ್ನ ಕೊಂಡಾಗಿರುತ್ತೆ, ನನ್ನಿಂದ ಬೇಕಾಗಿರೋದು ಒಂದು ಹೂಂ ಅಷ್ಟೇ. ನಾನು ಹೂಂ ಅನ್ನಲ್ಲ. ಮೊದಲು ಮಾಡೆಲ್ ನಂಬರ್ ಕಳ್ಸಿ ಅಂತೀನಿ, ಆಮೇಲೆ ಒಳಗೆ ಫೈಲುಗಳನ್ನ ಇಟ್ಕೊಳ್ಳೋದು ತಟ್ಟೆ ತಿರುಗೋ ಹಾರ್ಡ್ ಡಿಸ್ಕಾ, ಚಿಪ್ಪಲ್ಲೇ ಇಟ್ಕೊಳ್ಳೋ ಎಸ್‌ಎಸ್‌ಡಿನಾ ಅಂತ ಕೇಳ್ತೀನಿ. ಅದಕ್ಕೆ ಬರೋ ಉತ್ತರ "ಅದೆಲ್ಲ ಗೊತ್ತಿಲ್ಲ, ಒನ್ ಟಿಬಿ ಇದೆ ನೋಡು" ಅಂತ.

ಆ ಒನ್ ಟಿಬಿಲೇ ಇದೆ ಕಥೆ ಎಲ್ಲಾ. ಎಂಟು ಹತ್ತು ವರ್ಷದ ಹಿಂದೆ ನಮ್ಮಲ್ಲಿ ಕಡಿಮೆ ಬಜೆಟ್ಟಿಗೆ ಸಿಗ್ತಿದ್ದ ಲ್ಯಾಪ್‌ಟಾಪ್‌ಗಳನ್ನ ನೆನಪಿಸ್ಕೊಳ್ಳಿ, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಮೇಲೊಂದು ಪ್ರೊಸೆಸರ್ ಸ್ಟಿಕ್ಕರ್. ಅಂಗಡಿಲಿ ಪಕ್ಕದಲ್ಲೇ 128 ಜಿಬಿ ಎಸ್‌ಎಸ್‌ಡಿ ಇರೋದನ್ನ ಇಟ್ಟಿದ್ರೂ ಯಾರೂ ಕೈಗೆತ್ಕೊಳ್ತಿರ್ಲಿಲ್ಲ, ಅಷ್ಟೇ ದುಡ್ಡಿಗೆ ಒಂದರಲ್ಲಿ ಸಾವಿರ ಇನ್ನೊಂದರಲ್ಲಿ ನೂರಿಪ್ಪತ್ತೆಂಟು ಅಂದ್ರೆ ಯಾರು ತಾನೇ ಕಮ್ಮಿದು ತಗೋತಾರೆ? ಕಂಪನಿಗಳಿಗೂ ಅದು ಚೆನ್ನಾಗಿ ಗೊತ್ತಿತ್ತು. ದೊಡ್ಡ ನಂಬರ್ ಮಾರಾಟ ಆಗುತ್ತೆ, ಸ್ಪೀಡು ಸ್ಟಿಕ್ಕರ್ ಮೇಲೆ ಕಾಣಲ್ಲ.

ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕುಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5400 ಸುತ್ತು ತಿರುಗೋವು, ಅಂದ್ರೆ ಸೆಕೆಂಡಿಗೆ 90 ಸುತ್ತು. ಬೇಕಾದ ಡೇಟಾ ಅದನ್ನ ಓದೋ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯ್ಬೇಕು, ಹೆಡ್ಡು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯೋಕೆ ಇನ್ನಷ್ಟು ಮಿಲಿಸೆಕೆಂಡು, ಎರಡೂ ಸೇರಿದ್ರೆ ಚದುರಿ ಬಿದ್ದಿರೋ ಚಿಕ್ಕ ಚಿಕ್ಕ ಫೈಲುಗಳನ್ನ ಸೆಕೆಂಡಿಗೆ ನೂರು ಸಲ ಓದೋದೂ ಅದರ ಕೈಲಿ ಆಗಲ್ಲ. ಸಾಧಾರಣ ಎಸ್‌ಎಸ್‌ಡಿ ಇದನ್ನೇ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತೆ, ಒಳಗೆ ತಿರುಗೋದು ಏನೂ ಇಲ್ವಲ್ಲ. ಈಗ ಈ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ 10 ಕೂರಿಸಿ. ಆನ್ ಮಾಡಿದ ತಕ್ಷಣ ಅಪ್‌ಡೇಟ್ ಹುಡುಕೋದು ಒಂದು ಕಡೆ, ಡಿಫೆಂಡರ್ ವೈರಸ್ ಸ್ಕ್ಯಾನ್ ಇನ್ನೊಂದು ಕಡೆ, ಸರ್ಚ್ ಇಂಡೆಕ್ಸಿಂಗ್ ಮತ್ತೊಂದು ಕಡೆ, ಇಷ್ಟರ ಮಧ್ಯೆ ನೀವು ಕ್ರೋಮ್ ಮೇಲೆ ಡಬಲ್ ಕ್ಲಿಕ್ ಮಾಡ್ತೀರ, ತೆರೀಲಿಲ್ಲ ಅಂತ ಇನ್ನೂ ನಾಲ್ಕು ಸಲ ಕ್ಲಿಕ್ ಮಾಡ್ತೀರ. ಪಂಕ್ತಿಲಿ ಇನ್ನೂರು ಜನ ಕೂತಿದ್ದಾರೆ, ಬಡಿಸೋನು ಒಬ್ಬನೇ. ಅಡುಗೆ ಎಷ್ಟು ಬೇಗ ಆದ್ರೂ ಏನು ಪ್ರಯೋಜನ?

ಪರೀಕ್ಷೆ ಮಾಡೋದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ, ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ. ಸಿಪಿಯು ಹತ್ತು ಹದಿನೈದು ಪರ್ಸೆಂಟಲ್ಲಿ ಆರಾಮಾಗಿ ಕೂತಿದ್ದು ಡಿಸ್ಕ್ ಮಾತ್ರ 100 ಪರ್ಸೆಂಟಿಗೆ ಅಂಟ್ಕೊಂಡಿದ್ರೆ ನಿಮ್ಮ ಲ್ಯಾಪ್‌ಟಾಪ್‌ಗೆ ವಯಸ್ಸಾಗಿಲ್ಲ, ಅದು ಅಂಗಡಿಯಿಂದ ಬಂದಾಗ್ಲೇ ಹೀಗಿತ್ತು, ಆಗ ನಿಮ್ಗೆ ಹೋಲಿಸಿ ನೋಡೋಕೆ ಬೇರೇದು ಇರ್ಲಿಲ್ಲ, ಸಾಫ್ಟ್‌ವೇರ್ ಕೂಡ ಈಗಿನಷ್ಟು ಭಾರ ಇರ್ಲಿಲ್ಲ.

ಹಾಗಾಗಿ ನನ್ನ ಉತ್ತರ ಯಾವಾಗ್ಲೂ ಮೊದಲು ಎಸ್‌ಎಸ್‌ಡಿ, ಮಿಕ್ಕಿದ್ದೆಲ್ಲ ಆಮೇಲೆ. ಹಳೇ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕಿನ ಕನೆಕ್ಟರಿಗೇ ಸೇರೋದು) ಸಾಕು, ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತೆ, ಸೆಕೆಂಡಿಗೆ 500 ಎಂಬಿ ಆಸುಪಾಸು ಓದುತ್ತೆ. ಯೂಟ್ಯೂಬ್ ನೋಡ್ಕೊಂಡು ಬಂದ ಹುಡುಗರು "ಎನ್‌ವಿಎಂಇ ಹಾಕಿದ್ರೆ ಏಳು ಪಟ್ಟು ಫಾಸ್ಟಂತೆ" ಅಂತಾರೆ, ಅದು ಇನ್ನೂ ವೇಗದ ಇನ್ನೊಂದು ಥರದ ಎಸ್‌ಎಸ್‌ಡಿ, ಹೌದು ದೊಡ್ಡ ಫೈಲು ಕಾಪಿ ಮಾಡೋವಾಗ ಫಾಸ್ಟೇ, ಆದ್ರೆ ಟ್ಯಾಲಿ ತೆರೆಯೋಕೆ, ವರ್ಡ್ ಫೈಲು ತೆರೆಯೋಕೆ ನಿಮ್ಗೆ ವ್ಯತ್ಯಾಸ ಗೊತ್ತಾಗಲ್ಲ. ಇನ್ನೊಂದು ಎಚ್ಚರಿಕೆ, ಒಳಗೆ ಎಂ.2 ಅನ್ನೋ ಚಿಕ್ಕ ಕಾರ್ಡು ಕೂರೋ ಸ್ಲಾಟ್ ಕಂಡ ತಕ್ಷಣ ಎನ್‌ವಿಎಂಇ ಆರ್ಡರ್ ಮಾಡ್ಬೇಡಿ, ಎಷ್ಟೋ ಹಳೇ ಬೋರ್ಡುಗಳಲ್ಲಿ ಆ ಸ್ಲಾಟು ಬರೀ ಎಂ.2 ಸಾಟಾ ಕಾರ್ಡು ತಗೊಳ್ಳುತ್ತೆ, ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಮಾಡೆಲ್ ನಂಬರ್ ಹಾಕಿ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಲೆನೊವೊ, ಡೆಲ್, ಎಚ್‌ಪಿ ಮೂವರೂ ತಮ್ಮ ಎಷ್ಟೋ ಮಾಡೆಲ್‌ಗಳ ಮ್ಯಾನ್ಯುಯಲ್ಲನ್ನ ವೆಬ್‌ಸೈಟಲ್ಲೇ ಫ್ರೀ ಆಗಿ ಹಾಕಿದ್ದಾರೆ, ಯಾವ ಸ್ಕ್ರೂ ಎಲ್ಲಿದೆ ಅನ್ನೋದರ ತನಕ ಚಿತ್ರ ಸಮೇತ ಇರುತ್ತೆ, ಇಂಥ ಒಳ್ಳೇ ಕೆಲಸಕ್ಕೆ ಈ ಕಂಪನಿಗಳನ್ನ ಯಾರೂ ಹೊಗಳೋದಿಲ್ಲ ಪಾಪ.

"ಡಿಸ್ಕ್ ಬದಲಾಯಿಸಿದ್ರೆ ವಿಂಡೋಸ್ ಲೈಸೆನ್ಸ್ ಹೋಗುತ್ತಾ?" ಹೋಗಲ್ಲ, ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಕಟ್ಟಿರುತ್ತೆ, ಅದೇ ಎಡಿಷನ್ ಇನ್‌ಸ್ಟಾಲ್ ಮಾಡಿ ನೆಟ್ ಕೊಟ್ರೆ ತಾನೇ ಆಕ್ಟಿವೇಟ್ ಆಗುತ್ತೆ. ಹಳೇದನ್ನ ಹಾಗೇ ಕ್ಲೋನ್ ಮಾಡ್ಬೋದು, ಆದ್ರೆ ನನಗೆ ಹೊಸದಾಗಿ ಇನ್‌ಸ್ಟಾಲ್ ಮಾಡೋದೇ ಇಷ್ಟ, ಎಂಟು ವರ್ಷದ ಕಸ ಯಾಕೆ ಹೊತ್ಕೊಂಡು ಬರ್ಬೇಕು. ಡ್ರೈವಿಗೆ ಬಿಟ್‌ಲಾಕರ್ ಎನ್‌ಕ್ರಿಪ್ಷನ್ (ಕೀ ಇಲ್ದೆ ಡೇಟಾ ಓದೋಕಾಗದ ಹಾಗೆ ಬೀಗ ಹಾಕೋದು) ಆನ್ ಆಗಿದೆಯಾ ಅಂತ ಮಾತ್ರ ಮೊದಲೇ ನೋಡಿ, ಎಷ್ಟೋ ಜನಕ್ಕೆ ಅದು ಆನ್ ಆಗಿರೋದೇ ಗೊತ್ತಿರಲ್ಲ, ರಿಕವರಿ ಕೀ ಸಿಗ್ದೇ ಇದ್ರೆ ಫೋಟೋ ಎಲ್ಲಾ ಗೋವಿಂದ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ. ಹಳೇ ಹಾರ್ಡ್ ಡಿಸ್ಕನ್ನ ಎಸೀಬೇಡಿ, ಒಂದು ಯುಎಸ್‌ಬಿ ಕೇಸ್ ತಗೊಂಡ್ರೆ ಬ್ಯಾಕಪ್ ಇಡೋಕೆ ಆಗುತ್ತೆ.

ಈಗ ಬಿಚ್ಚೋ ಭಯದ ಬಗ್ಗೆ. ನಲ್ಲಿ ವಾಷರ್ ತಾವೇ ಹಾಕ್ಕೊಳ್ಳೋರು, ಸ್ಕೂಟರ್ ಪ್ಲಗ್ ತಾವೇ ಕ್ಲೀನ್ ಮಾಡ್ಕೊಳ್ಳೋರು ಕೂಡ ಲ್ಯಾಪ್‌ಟಾಪ್ ಹಿಂದಿನ ಕವರ್ ತೆಗಿ ಅಂದ್ರೆ ಅಯ್ಯೋ ಬೇಡಪ್ಪ ಅಂತಾರೆ. ನಿಜ ಹೇಳ್ಬೇಕು ಅಂದ್ರೆ ಹಳೇ ಮಾಡೆಲ್‌ಗಳಲ್ಲಿ ಇದು ನಲ್ಲಿ ವಾಷರಿಗಿಂತ ಸುಲಭ, ನೀರೂ ಸೋರಲ್ಲ. ಸರಿಯಾದ ಸೈಜಿನ ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಪಿಎಚ್0 ಅಂತ ಕೇಳಿ, ದೊಡ್ಡದನ್ನ ಹಾಕಿ ತಿರುಗಿಸಿದ್ರೆ ಸ್ಕ್ರೂ ತಲೆ ಸವೆದು ಹೋಗುತ್ತೆ ಅಲ್ಲಿಗೆ ಕಥೆ ಮುಗೀತು. ರಬ್ಬರ್ ಕಾಲಿನ ಕೆಳಗೆ ಒಂದೆರಡು ಸ್ಕ್ರೂ ಬಚ್ಚಿಟ್ಟಿರ್ತಾರೆ. ಎಲ್ಲಾ ಸ್ಕ್ರೂ ಒಂದೇ ಉದ್ದ ಇರಲ್ಲ, ರಟ್ಟಿನ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಅದದೇ ಜಾಗಕ್ಕೆ ಚುಚ್ಚಿಡಿ. ಕವರ್ ಬಿಚ್ಚೋಕೆ ಕಬ್ಬಿಣದ್ದು ಏನೂ ತಗೋಬೇಡಿ, ಹಳೇ ಎಟಿಎಂ ಕಾರ್ಡ್ ಸಾಕು. ಕವರ್ ತೆಗೆದ ತಕ್ಷಣ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚೋದು. ಇಷ್ಟೇ ವಿದ್ಯೆ. ಕೈ ನಡುಗುತ್ತೆ ಅಂದ್ರೆ ಬೆಂಗಳೂರಲ್ಲಿರೋರಿಗೆ ಎಸ್.ಪಿ. ರೋಡಿದೆ, ಪಾರ್ಟು ತಗೊಂಡು ಅಲ್ಲೇ ಹಾಕಿಸ್ಕೊಂಡು ಬರ್ಬೋದು, ಆದ್ರೆ ಎದುರಿಗೇ ನಿಂತು ಹಾಕಿಸಿ, ಬಿಟ್ಟು ಕಾಫಿಗೆ ಹೋಗ್ಬೇಡಿ.

ಆಮೇಲೆ ರ‍್ಯಾಮ್. 4 ಇದ್ರೆ 8 ಮಾಡಿ, ಬ್ರೌಸರಲ್ಲಿ ಹತ್ತು ಟ್ಯಾಬ್ ತೆಗೆಯೋ ಯಾರಿಗಾದ್ರೂ 4 ಸಾಲಲ್ಲ. ನಿಮ್ಮ ಮೆಷಿನ್ನಿನ ರ‍್ಯಾಮ್ ಟೈಪು ಡಿಡಿಆರ್3ಎಲ್ಲಾ ಡಿಡಿಆರ್4ಆ ಅಂತ ನೋಡ್ಕೊಂಡು ತಗೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರೋದೇ ಇಲ್ಲ. ಎರಡು ವರ್ಷದ ಹಿಂದೆ ಆಗಿದ್ರೆ "ಕಣ್ಮುಚ್ಚಿ ಹಾಕ್ಸಿ" ಅಂತಿದ್ದೆ, ಈಗ ಹಾಗನ್ನೋಕಾಗ್ತಿಲ್ಲ. 2025ರ ಕೊನೇಲಿ ರ‍್ಯಾಮ್ ರೇಟು ಎದ್ದಿದ್ದು ನೋಡಿದ್ರೆ ತಲೆ ತಿರುಗುತ್ತೆ, ಮೆಮೊರಿ ಚಿಪ್ಪೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಹೋಗ್ತಿದೆ, ನಮ್ಮಂಥ ಬಿಚ್ಚೋ ಹುಚ್ಚಿರೋರೆಲ್ಲ ನಂಬ್ಕೊಂಡಿದ್ದ ಕ್ರೂಷಿಯಲ್ ಅನ್ನೋ ರ‍್ಯಾಮ್ ಬ್ರ್ಯಾಂಡಿನ ವ್ಯಾಪಾರದಿಂದಲೇ ಹೊರಗೆ ಬರ್ತೀವಿ ಅಂತ ಮೈಕ್ರಾನ್ ಕಂಪನಿ ಆ ಡಿಸೆಂಬರಲ್ಲಿ ಹೇಳ್ತು. ಹಾಗಾಗಿ ಮನೆಲಿ ಕೆಟ್ಟು ಬಿದ್ದಿರೋ ಇನ್ನೊಂದು ಲ್ಯಾಪ್‌ಟಾಪ್ ಇದ್ರೆ ಅದರಿಂದ ಕಿತ್ತು ಹಾಕೋದು ಈಗಿನ ಬುದ್ಧಿವಂತಿಕೆ, ಟೈಪ್ ಮ್ಯಾಚ್ ಆದ್ರೆ ಆಯ್ತು.

ಒಂದು ಮಾತು ಮಧ್ಯದಲ್ಲೇ ಹೇಳ್ಬಿಡ್ತೀನಿ, ಪಿಸಿ ಬೂಸ್ಟರ್, ರ‍್ಯಾಮ್ ಕ್ಲೀನರ್, ರಿಜಿಸ್ಟ್ರಿ ಕ್ಲೀನರ್ ಅಂತ ಬರ್ತವಲ್ಲ ಅವನ್ನ ಹಾಕ್ಲೇಬೇಡಿ, ಸ್ಲೋ ಆಗಿರೋ ಮೆಷಿನ್ ಮೇಲೆ ಇನ್ನೊಂದು ಹೊರೆ.

ಇನ್ನು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಬೇಕಂತ ಸೇರ್ಕೊಂಡೋರಿಗೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ ತನಕ ಅಂತ ಒಂದು ವರ್ಷ ಎಕ್ಸ್ಟ್ರಾ ಘೋಷಿಸಿದ್ರು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಸೌಲಭ್ಯ ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಬಹುಮಟ್ಟಿಗೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಅಂದ್ರೆ 2017ರಲ್ಲಿ ದುಡ್ಡು ಸುರಿದು 7ನೇ ಜನರೇಷನ್ ಐ7 ತಗೊಂಡೋರ ಮೆಷಿನ್ನೂ ಔಟು, ಅದರ ಅರ್ಧ ಸ್ಪೀಡೂ ಇಲ್ಲದ ಹೊಸ ಸೆಲೆರಾನ್ (ಇಂಟೆಲ್‌ನ ಅಗ್ಗದ ಪ್ರೊಸೆಸರ್) ಒಳಗೆ. ಸೆಕ್ಯುರಿಟಿಗೋಸ್ಕರ ಅಂತಾರೆ, ಪೂರ್ತಿ ಸುಳ್ಳೂ ಅಲ್ಲ, ಆದ್ರೆ ಚೆನ್ನಾಗಿ ಓಡ್ತಿರೋ ಮೆಷಿನ್ನನ್ನ ಒಂದು ಲಿಸ್ಟು ನೋಡ್ಕೊಂಡು ಕಸಕ್ಕೆ ಕಳಿಸೋದು ನನಗಂತೂ ಹಿಡಿಸಲ್ಲ. ಈ ಚೆಕ್ಕನ್ನ ದಾಟಿಸಿ 11 ಹಾಕೋ ದಾರಿಗಳಿದ್ದಾವೆ, ರೂಫಸ್ ಅನ್ನೋ ಟೂಲಲ್ಲಿ ಒಂದು ಟಿಕ್ ಹಾಕಿದ್ರೆ ಆಗುತ್ತೆ, ನಾನು ನನ್ನ ಮೆಷಿನ್ನಲ್ಲಿ ಮಾಡ್ಕೊಂತೀನಿ, ಬೇರೆಯವರಿಗೆ ಮಾಡ್ಕೊಡಲ್ಲ, ಮುಂದೊಂದು ದಿನ ಅಪ್‌ಡೇಟ್ ನಿಂತ್ರೆ ರಾತ್ರಿ ಫೋನ್ ಬರೋದು ನನಗೇ.

ಬೇರೆಯವರಿಗೆ ಹಾಕ್ಕೊಡೋದು ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕೋ ಫ್ರೀ ಆಪರೇಟಿಂಗ್ ಸಿಸ್ಟಂ. ಬ್ರೌಸರ್, ಯೂಟ್ಯೂಬ್, ಬ್ಯಾಂಕಿಂಗ್, ಒಂದಿಷ್ಟು ಲೆಟರು ಬರೆಯೋದು, ಇಷ್ಟೇ ಕೆಲಸ ಇರೋ ಅಪ್ಪ ಅಮ್ಮಂದಿರಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಮಿಂಟ್ 22 ಹಾಕಿದ್ರೆ 2029ರ ತನಕ ಅಪ್‌ಡೇಟ್ ಚಿಂತೆ ಇಲ್ಲ. ಕನ್ನಡ ಟೈಪಿಂಗ್ ಹೇಗೆ ಅಂತ ಕೇಳ್ತಾರೆ, ಕೀಬೋರ್ಡ್ ಸೆಟ್ಟಿಂಗಲ್ಲೇ ಕನ್ನಡ ಕಗಪ ಅಂತ ಒಂದು ಲೇಔಟ್ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದಿದ್ದು, ನುಡಿ ಕೀಬೋರ್ಡ್ ಕೈಗೆ ಕೂತಿರೋರಿಗೆ ಹತ್ತಿರ ಹತ್ತಿರ ಅದೇ. ಆದ್ರೆ ಒಂದು ವರ್ಗದ ಜನಕ್ಕೆ ನಾನು ಲಿನಕ್ಸ್ ಮಾತೇ ಎತ್ತಲ್ಲ, ಡಿಟಿಪಿಯೋರಿಗೆ. ಮದುವೆ ಪತ್ರಿಕೆ, ಪಾಂಪ್ಲೆಟ್, ಸಣ್ಣ ಪತ್ರಿಕೆ ಮಾಡೋ ಎಷ್ಟೋ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ಅನ್ನೋ ಹಳೇ ಪುಟ ವಿನ್ಯಾಸದ ವಿಂಡೋಸ್ ಸಾಫ್ಟ್‌ವೇರ್ ಓಡ್ತಿದೆ, 2001ರಲ್ಲಿ ಬಂದ 7.0 ಅದರ ಕೊನೇ ದೊಡ್ಡ ವರ್ಷನ್ನು, ಅದರಲ್ಲಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆ ಫೈಲುಗಳಿರ್ತವೆ. ಹಳೇ ಆಸ್ಕಿಯಿಂದ ಈಗ ಎಲ್ಲಾ ಕಡೆ ಬಳಸೋ ಯೂನಿಕೋಡಿಗೆ ತಿರುಗಿಸೋ ಕನ್ವರ್ಟರುಗಳೇನೋ ಇದ್ದಾವೆ, ಆದ್ರೆ ಒತ್ತಕ್ಷರ ಅಲ್ಲಲ್ಲಿ ಕೈ ಕೊಡುತ್ತೆ, ಸೀಸನ್ನಲ್ಲಿ ಅದನ್ನ ತಿದ್ಕೊಂಡು ಕೂರೋಕೆ ಯಾರಿಗೆ ಪುರುಸೊತ್ತಿದೆ. ಅವರಿಗೆ ನನ್ನ ಸಲಹೆ ಬೇರೆ, ಎಸ್‌ಎಸ್‌ಡಿ ಹಾಕ್ಸಿ, ಹಳೇ ವಿಂಡೋಸ್ ಹಾಗೇ ಇರ್ಲಿ, ಇಂಟರ್ನೆಟ್ ಮಾತ್ರ ಕಿತ್ತು ಹಾಕಿ, ಮೇಲ್ ನೋಡೋಕೆ ಬೇರೆ ಮೆಷಿನ್ ಇಟ್ಕೊಳ್ಳಿ. ಗಿರಾಕಿಗಳು ತರೋ ಪೆನ್‌ಡ್ರೈವನ್ನೂ ಆ ಬೇರೆ ಮೆಷಿನ್ನಲ್ಲೇ ಮೊದಲು ಸ್ಕ್ಯಾನ್ ಮಾಡಿ.

ಬಿಸಿ ಆಗೋದು, ಫ್ಯಾನ್ ಕೂಗೋದಕ್ಕೆಲ್ಲ ಹೆಚ್ಚಿನ ಸಲ ಧೂಳೇ ಕಾರಣ, ನಮ್ಮ ಊರುಗಳ ಧೂಳಿಗೆ ಎರಡು ವರ್ಷದಲ್ಲಿ ಫ್ಯಾನಿನ ಮುಂದೆ ಕಂಬಳಿ ಥರ ಕಟ್ಕೊಂಡಿರುತ್ತೆ. ಬ್ರಷ್ಷಲ್ಲಿ ತೆಗೆದು, ಪ್ರೊಸೆಸರಿನ ಬಿಸಿಯನ್ನ ಹೊರಗೆ ಸಾಗಿಸೋ ಥರ್ಮಲ್ ಪೇಸ್ಟ್ ಹೊಸದು ಹಚ್ಚಿದ್ರೆ ಸರಿಹೋಗುತ್ತೆ. ಬ್ಯಾಟರಿ ವಿಷಯಕ್ಕೆ ಮಾತ್ರ ನಾನು ಪುಕ್ಕಲ. ಟಚ್‌ಪ್ಯಾಡ್ ಒತ್ತಿದ್ರೆ ಗಟ್ಟಿ ಅನ್ಸಿದ್ರೆ, ಕೆಳಗಿನ ಕವರ್ ಉಬ್ಬಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಆಡ್ತಿದ್ರೆ ಒಳಗೆ ಬ್ಯಾಟರಿ ಊದ್ಕೊಂಡಿದೆ ಅಂತ ಲೆಕ್ಕ. ಚಾರ್ಜಿಗೆ ಹಾಕ್ಬೇಡಿ, ಒತ್ತಿ ಕೂರಿಸೋಕೆ ಹೋಗ್ಬೇಡಿ, ಚುಚ್ಚಿ ಗಾಳಿ ತೆಗೆಯೋ ಯೋಚನೆ ಬಂದ್ರೆ ಆ ಯೋಚನೇನ ಅಲ್ಲೇ ಬಿಡಿ, ಬೆಂಕಿ ಹತ್ಕೊಳ್ಳುತ್ತೆ. ಮನೆ ಕಸದ ಗಾಡಿಗೂ ಹಾಕೋ ಹಾಗಿಲ್ಲ, ಇ-ವೇಸ್ಟ್ ತಗೊಳ್ಳೋರಿಗೇ ಕೊಡ್ಬೇಕು.

ಹಾಗಾದ್ರೆ ಹೊಸದು ತಗೊಳ್ಳಿ ಅಂತ ಯಾವತ್ತೂ ಹೇಳೋದೇ ಇಲ್ವಾ? ಹೇಳ್ತೀನಿ. ಮದರ್‌ಬೋರ್ಡ್ ಹೋಗಿದ್ರೆ, ಸ್ಕ್ರೀನು ಹಿಂಜ್ ಎರಡೂ ಮುರಿದಿದ್ರೆ, ರ‍್ಯಾಮ್ 4 ಜಿಬಿ ಬೋರ್ಡಿಗೇ ಬೆಸುಗೆ ಹಾಕಿದ್ದು ಬೇರೆ ಸ್ಲಾಟೇ ಇಲ್ಲ ಅಂದ್ರೆ ಅದಕ್ಕೆ ದುಡ್ಡು ಹಾಕೋದು ದಂಡ. (ಬೋರ್ಡ್ ಹೋಗಿದೆ ಅಂತ ಒಬ್ಬರೇ ಹೇಳಿದ್ರೆ ಮಾತ್ರ ಇನ್ನೊಬ್ಬರನ್ನ ಕೇಳಿ. ನಮ್ಮ ಸೋದರತ್ತೆ ಲ್ಯಾಪ್‌ಟಾಪಿಗೆ ಒಂದು ಸರ್ವಿಸ್ ಸೆಂಟರಲ್ಲಿ ಹಂಗೇ ಹೇಳಿದ್ರು, ರ‍್ಯಾಮ್ ಕಳಚಿ ಕಾಂಟ್ಯಾಕ್ಟ್ ಒರೆಸಿ ಮತ್ತೆ ಕೂರಿಸಿದ್ಮೇಲೆ ಆನ್ ಆಯ್ತು, ಈಗ್ಲೂ ಅದರಲ್ಲೇ ಸೀರಿಯಲ್ ನೋಡ್ತಾರೆ.) ಆಗಲೂ ಸೀದಾ ಶೋರೂಮಿಗೆ ಹೋಗಿ ಅತ್ಯಂತ ಅಗ್ಗದ ಹೊಸದನ್ನ ತರೋ ಬದಲು ಅದೇ ದುಡ್ಡಿಗೆ ರಿಫರ್ಬಿಶ್ಡ್ ಬಿಸಿನೆಸ್ ಲ್ಯಾಪ್‌ಟಾಪ್ ನೋಡಿ ಅಂತೀನಿ, ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಇಂಥವು. ಬೆಂಗಳೂರಲ್ಲಿ ಐಟಿ ಕಂಪನಿಗಳಿಂದ ಲೀಸ್ ಮುಗಿದು ಹೊರಗೆ ಬಂದವು ಬೇಕಾದಷ್ಟು ಸಿಗ್ತವೆ, ಕೀಬೋರ್ಡು ಗಟ್ಟಿ, ಬಿಚ್ಚೋದೂ ಸುಲಭ, 8ನೇ ಜನರೇಷನ್ ಅಥವಾ ಮೇಲಿನದ್ದೇ ತಗೊಂಡ್ರೆ ವಿಂಡೋಸ್ 11 ಕೂಡ ಕೂರುತ್ತೆ.

ದುಡ್ಡು ಕೊಡೋ ಮುಂಚೆ ಅಂಗಡಿಲೇ ಎರಡು ಕೆಲಸ ಮಾಡಿ. ಆನ್ ಮಾಡಿ ಬಯೋಸ್ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದ್ರೆ ವಾಪಸ್ ಇಡಿ. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ ವೈಫೈ ಕೊಟ್ಟು ನೋಡಿ, ಯಾವ್ದೋ ಕಂಪನಿ ಹೆಸರು ಹಾಕಿ ಆಫೀಸ್ ಐಡಿಲಿ ಲಾಗಿನ್ ಆಗಿ ಅಂತ ಬಂದ್ರೆ ಆ ಮೆಷಿನ್ ಇನ್ನೂ ಆ ಕಂಪನಿ ಲಿಸ್ಟಲ್ಲೇ ಇದೆ ಅಂತ ಅರ್ಥ. ಅಂಗಡಿಯೋನು "ಅದೇನಿಲ್ಲ ಸಾರ್, ನೆಟ್ ಹಾಕ್ದೇ ಸೆಟಪ್ ಮಾಡ್ಕೊಡ್ತೀನಿ" ಅಂತಾನೆ, ಒಪ್ಕೋಬೇಡಿ, ಮುಂದೆ ಯಾವಾಗ ಫಾರ್ಮ್ಯಾಟ್ ಮಾಡಿದ್ರೂ ಅದೇ ಸ್ಕ್ರೀನ್ ಬಂದು ನಿಲ್ಲುತ್ತೆ.