‘ಅದೇ’ ಎಂದರೆ ಯಾವುದು?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಕೆಲಸ ಮಾಡುವ ನಾನು ಪಿಎಚ್.ಡಿ. ಮಹಾಪ್ರಬಂಧಗಳ ಪುಟವಿನ್ಯಾಸ ಮಾಡುತ್ತಾ ಬಂದು ಹಲವು ವರ್ಷಗಳಾದವು. ಅಂಚಿನ ಅಳತೆ, ಸಾಲಿನ ಅಂತರ, ಅಧ್ಯಾಯದ ತಲೆಬರಹ ಇವೆಲ್ಲ ಒಮ್ಮೆ ಹೊಂದಿಸಿದರೆ ಮುಗಿಯುವ ಕೆಲಸಗಳು. ಅಡಿಟಿಪ್ಪಣಿ ಹಾಗಲ್ಲ ಎಂಬುದು ತಪ್ಪು ಮಾಡಿದ ಮೇಲೆಯೇ ನನಗೆ ತಿಳಿಯಿತು.

ಕದಂಬರ ಶಾಸನಗಳ ಮೇಲೆ ಪ್ರಬಂಧ ಸಿದ್ಧಪಡಿಸಿದ್ದ ವಿದ್ಯಾರ್ಥಿನಿಯೊಬ್ಬರು ಮೂರನೆಯ ಅಧ್ಯಾಯದ ಎರಡು ಪ್ಯಾರಾಗಳನ್ನು ಎರಡನೆಯ ಅಧ್ಯಾಯಕ್ಕೆ ಸೇರಿಸಲು ಹೇಳಿದರು. ನಾನು ಅಲ್ಲಿಂದ ತೆಗೆದು ಇಲ್ಲಿಗೆ ಅಂಟಿಸಿದೆ. ಟಿಪ್ಪಣಿಗಳ ಕ್ರಮಸಂಖ್ಯೆಯನ್ನು ವರ್ಡ್ ತಾನಾಗಿಯೇ ಸರಿಪಡಿಸಿಕೊಂಡಿತು. ಆದರೆ ‘ಅದೇ, ಪು. 212’ (ಎಂದರೆ ಹಿಂದಿನ ಟಿಪ್ಪಣಿಯಲ್ಲಿ ಹೇಳಿದ ಪುಸ್ತಕದ್ದೇ 212ನೆಯ ಪುಟ) ಎಂಬ ಟಿಪ್ಪಣಿ ಇದ್ದಂತೆಯೇ ಉಳಿದು, ಹೊಸ ಜಾಗದಲ್ಲಿ ತನಗಿಂತ ಮೇಲಿದ್ದ ಬೇರೊಂದು ಪುಸ್ತಕವನ್ನು ಸೂಚಿಸತೊಡಗಿತು. ಮಾರ್ಗದರ್ಶಕರು ಆ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಅಷ್ಟು ಪುಟಗಳೇ ಇರಲಿಲ್ಲ. ‘ಓದದೆಯೇ ಉಲ್ಲೇಖಿಸಿದ್ದೀರಿ’ ಎಂಬ ಮಾತನ್ನು ಕೇಳಬೇಕಾದವರು, ಪುಸ್ತಕವನ್ನು ನಿಜವಾಗಿ ಓದಿದ್ದ ಆ ವಿದ್ಯಾರ್ಥಿನಿ. ಮರುದಿನ ಅವರು ಅಂಗಡಿಗೆ ಬಂದು, ‘ಅಣ್ಣಾ, ಈ ಅದೇ ಯಾವುದು?’ ಎಂದು ಕೇಳಿದ್ದು ನನಗೆ ಇಂದಿಗೂ ನೋವಿನ ವಿಷಯ.

ಅಂದಿನಿಂದ ಕರಡು ಅಂತಿಮವಾಗುವವರೆಗೂ ಪ್ರತಿಯೊಂದು ಟಿಪ್ಪಣಿಯಲ್ಲಿ ಲೇಖಕರ ಹೆಸರು, ಕೃತಿಯ ಚಿಕ್ಕ ಹೆಸರು ಮತ್ತು ಪುಟಸಂಖ್ಯೆಯನ್ನು ಪೂರ್ಣವಾಗಿ ಇಡುತ್ತೇನೆ. ‘ಅದೇ’, ‘ಪೂರ್ವೋಕ್ತ’ (ಹಿಂದೆ ಹೇಳಿದ ಕೃತಿ) ಎಂಬುವು ಬರುವುದು ಕೊನೆಯ ದಿನ, ಇನ್ನು ಪ್ಯಾರಾ ಕದಲುವುದಿಲ್ಲ ಎಂದು ಖಚಿತವಾದ ಮೇಲೆ.

ಅದೇ ಪ್ರಬಂಧವನ್ನು ತಿದ್ದುವಾಗ ಇನ್ನೊಂದು ತೊಡಕು ಕಂಡಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನಕ್ಕೆ ‘ಎ.ಕ., ಸಂ. 7, ಶಿಕಾರಿಪುರ 176’ ಎಂದಷ್ಟೇ ಬರೆಯಲಾಗಿತ್ತು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.) ಎಂಬ ಶಾಸನಸಂಪುಟ ಮಾಲೆಯ 7ನೆಯ ಸಂಪುಟ ಶಿವಮೊಗ್ಗ ಜಿಲ್ಲೆಯದು; ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 7ನೆಯ ಸಂಪುಟ ತೆರೆದರೆ ಸಿಗುವುದು ನಾಗಮಂಗಲ, ಮಳವಳ್ಳಿ ಕಡೆಯ ಶಾಸನಗಳು. ಆವೃತ್ತಿಯನ್ನು ಹೇಳದ ಉಲ್ಲೇಖವು ಓದುಗನನ್ನು ತುಂಗೆಯ ದಡದಿಂದ ಕಾವೇರಿಯ ಕಡೆಗೆ ಕಳುಹಿಸಿಬಿಡುತ್ತದೆ. ‘ಸಂ.’ ಎಂಬ ಸಂಕ್ಷೇಪವೂ ಒಂದು ಕಡೆ ಸಂಪುಟ, ಮತ್ತೊಂದು ಕಡೆ ಸಂಪಾದಕ ಎಂದಾಗುವುದರಿಂದ ಎರಡನ್ನೂ ಬಿಡಿಸಿ ಬರೆಯುವುದೇ ಮೇಲು.

ಈಗ ಯಾರೇ ಪ್ರಬಂಧ ತಂದರೂ, ಉಲ್ಲೇಖಿಸಿದ ಪುಸ್ತಕಗಳ ಶೀರ್ಷಿಕೆಯ ಪುಟ ಮತ್ತು ಅದರ ಹಿಂಬದಿಯ ಫೋಟೋಗಳನ್ನು ಮೊಬೈಲ್‌ನಲ್ಲಿ ಕಳುಹಿಸಲು ಕೇಳುತ್ತೇನೆ, ಏಕೆಂದರೆ ಆವೃತ್ತಿ, ವರ್ಷ, ಪ್ರಕಾಶಕರ ಹೆಸರು ಇರುವುದು ಅಲ್ಲಿಯೇ. ಫೋಟೋ ಇಲ್ಲದ ಟಿಪ್ಪಣಿಗೆ ಹಳದಿ ಬಣ್ಣ ಹಚ್ಚಿ ಕರಡನ್ನು ಹಿಂದಿರುಗಿಸುತ್ತೇನೆ. ಹಳದಿ ಉಳಿದಿರುವ ಪ್ರತಿಯನ್ನು ಬೈಂಡಿಂಗ್‌ಗೆ ಕೊಡುವುದಿಲ್ಲ.