ಯೂನಿಫಾರ್ಮೂ ಬೇಕು, ದೇಶದ ಜರ್ಸಿಯೂ ಬೇಕು: ಆಗುತ್ತಾ?

"ಸೈನ್ಯದಲ್ಲಿದ್ದುಕೊಂಡೇ ಹಾಕಿಯೋ ರಗ್ಬಿಯೋ ದೇಶದ ತಂಡಕ್ಕೆ ಆಡಬಹುದಾ?" ಪದೇ ಪದೇ ಬರುವ ಪ್ರಶ್ನೆ. ಆಡಬಹುದು. ಆದರೆ ಕೇಳುವವರ ಚಿಂತೆಯೆಲ್ಲ ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಬೇಕು ಎಂಬುದರ ಸುತ್ತ ಇರುತ್ತದೆ. ಕೆಲಸ ಕೆಡುವುದು ಅಲ್ಲಲ್ಲ. ಓಟಗಾರನಿಗೆ ಒಂದು ಟ್ರ್ಯಾಕ್ ಸಿಕ್ಕರೆ ಒಬ್ಬನೇ ಓಡಿಕೊಳ್ಳುತ್ತಾನೆ. ತಂಡದ ಆಟದಲ್ಲಿ ಉಳಿದವರು ಸೇರುವ ಊರಿನಲ್ಲಿ, ಅವರು ಸೇರುವ ವಾರದಲ್ಲೇ ನೀವೂ ಇರಬೇಕು. ಹಾಕಿಯ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ತಳ್ಳುವವರು, ನಿಲ್ಲಿಸುವವರು, ಹೊಡೆಯುವವರು ಮೂವರ ಕೈಯೂ ಒಂದೇ ತಾಳಕ್ಕೆ ಕೂಡಬೇಕು. ಅದನ್ನು ದೂರದ ಠಾಣೆಯಲ್ಲಿ ಗೋಡೆಗೆ ಚೆಂಡು ಹೊಡೆದು ಕಲಿಯಲಾಗದು.

ಹಾಗಾಗಿ ಮೊದಲು ಕಾಗದದ ಕೆಲಸ. ಫೆಡರೇಷನ್ನಿನ ವರ್ಷದ ಟ್ರಯಲ್ಸ್, ಕ್ಯಾಂಪ್, ಟೂರ್ನಿ, ಪ್ರಯಾಣದ ದಿನಗಳನ್ನು ಒಂದೇ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಯೂನಿಟ್ಟಿನ ಫೀಲ್ಡ್ ಎಕ್ಸರ್‌ಸೈಜ್ (ಬಯಲಿನ ಯುದ್ಧಾಭ್ಯಾಸ), ಫೈರಿಂಗ್, ಕೋರ್ಸ್‌ಗಳನ್ನು ಬರೆಯಿರಿ. ಕೋರ್ಸನ್ನು ಮುಂದಿನ ಬ್ಯಾಚಿಗೆ ಹಾಕಿಸಿಕೊಳ್ಳಬಹುದು, ನಿಯೋಜನೆಯನ್ನು ಆಗುವುದಿಲ್ಲ. ಫೆಡರೇಷನ್ನಿನ ಪತ್ರ ಸಮೇತ ಕಮಾಂಡಿಂಗ್ ಆಫೀಸರಿಗೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಕೊಡಿ. ಸಾಧ್ಯವಾದಷ್ಟೂ ರಜೆ ಕೇಳಬೇಡಿ, ಡ್ಯೂಟಿ ಮೇಲೆ ಕಳುಹಿಸಲು ಕೇಳಿ. ಎರಡು ಕ್ಯಾಂಪಿಗೆ ವರ್ಷದ ರಜೆ ಖಾಲಿ. ಮೇಲಾಗಿ ಮೈದಾನದಲ್ಲಿ ಮೊಣಕಾಲು ತಿರುಚಿಕೊಂಡರೆ, ಅದು ಸೇವೆಯಲ್ಲಾದ ಗಾಯವೋ ಅಲ್ಲವೋ ಎಂಬ ತಕರಾರು ಬಂದಾಗ ಕೈಹಿಡಿಯುವುದು ಡ್ಯೂಟಿ ಮೇಲೆ ಕಳುಹಿಸಿದ ಆದೇಶದ ಪ್ರತಿಯೇ.

ಪ್ರತಿಭೆ ಇದ್ದರೆ ಬಿಡುಗಡೆ ತಾನಾಗಿ ಸಿಗುತ್ತದೆ ಎಂದುಕೊಳ್ಳಬೇಡಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ತಂಡ ಆರಿಸುವ ಟೂರ್ನಿಗೆ ಧ್ಯಾನ್ ಚಂದ್ ಅವರನ್ನೇ ಅವರ ಪಡೆ ಬಿಟ್ಟುಕೊಟ್ಟಿರಲಿಲ್ಲ. ಆಡದಿದ್ದರೂ ಅವರನ್ನು ಆರಿಸಲಾಯಿತು, ನಾಯಕರಾಗಿ ಚಿನ್ನವನ್ನೂ ತಂದರು. ಆದರೆ ಟ್ರಯಲ್ಸ್ ಇಲ್ಲದೆ ಜಾಗ ಕೊಡುವುದು ಧ್ಯಾನ್ ಚಂದ್‌ಗೆ ಮಾತ್ರ!

ಕೆಲವು ಸೈನ್ಯಗಳಲ್ಲಿ ಇದಕ್ಕೆಂದೇ ವ್ಯವಸ್ಥೆಯಿದೆ. ಅಮೆರಿಕದ ಸೇನೆ ಫೋರ್ಟ್ ಕಾರ್ಸನ್‌ನಲ್ಲಿ ಪೂರ್ಣಾವಧಿ ಕ್ರೀಡಾಪಟುಗಳ ಘಟಕ ಇಟ್ಟಿದೆ. ದಕ್ಷಿಣ ಕೊರಿಯಾದಲ್ಲಿ ಕಡ್ಡಾಯ ಸೇವೆಗೆ ಬಂದ ಫುಟ್‌ಬಾಲ್ ಆಟಗಾರರು ಗಿಮ್ಚೆಯೋನ್ ಸಾಂಗ್ಮು ಕ್ಲಬ್ಬಿನಲ್ಲಿ ಸುಮಾರು 18 ತಿಂಗಳು ಲೀಗ್ ಆಡುತ್ತಾರೆ. ಅವಧಿ ಮುಗಿದವರು ಸೀಸನ್ ಮಧ್ಯದಲ್ಲೇ ಹೊರಟುಬಿಡುವುದರಿಂದ ಅಲ್ಲಿನ ಕೋಚ್‌ಗೆ ತಂಡ ಕಟ್ಟುವುದೇ ಒಂದು ನಿರಂತರ ಕಾಯಕ.

ಇನ್ನು ಮೈ ವಿಚಾರ. ಎರಡು ವಾರ ಬೂಟು ಹಾಕಿ, ಬೆನ್ನಿಗೆ 20 ಕೆ.ಜಿ. ಹೊತ್ತು ನಡೆದ ಕಾಲಿಗೆ ದಮ್ಮು ಇರುತ್ತದೆ, ವೇಗ ಇರುವುದಿಲ್ಲ. ಆ ಕಾಲಿನಲ್ಲಿ ಕ್ಯಾಂಪಿನ ಮೊದಲ ದಿನವೇ ಪೂರ್ತಿ ವೇಗದ ಓಟ ಓಡಿದರೆ ತೊಡೆಯ ಹಿಂಭಾಗದ ಸ್ನಾಯು ಹರಿಯುವ ಸಂಭವ ಹೆಚ್ಚು. ಎಕ್ಸರ್‌ಸೈಜ್ ನಡುವೆಯೂ ವಾರಕ್ಕೆ ಎರಡು ಸಲ, 30 ಮೀಟರಿನ ನಾಲ್ಕೈದು ವೇಗದ ಓಟ ಓಡಿದರೆ ಕಾಲು ಅಭ್ಯಾಸ ತಪ್ಪುವುದಿಲ್ಲ. ಮರಳಿದ ಮೇಲೆ ಮೊದಲ ಮೂರ್ನಾಲ್ಕು ದಿನ ಮುಕ್ಕಾಲು ವೇಗ ಸಾಕು, ಪೂರ್ತಿ ವೇಗ ಎರಡನೇ ವಾರಕ್ಕಿರಲಿ. ಭಾರ ಹೊತ್ತ ನಡಿಗೆಯನ್ನೂ ಅಭ್ಯಾಸದ ಲೆಕ್ಕಕ್ಕೇ ಸೇರಿಸಿ ಕೋಚ್‌ಗೆ ತಿಳಿಸಿ, ಅವರಿಗೆ ಅದು ಕಾಣಿಸಿರುವುದಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು.

ಹೆಚ್ಚಿನವರು ಮೋಸ ಹೋಗುವುದು ಔಷಧಿಯಲ್ಲಿ. ಎತ್ತರದ ಪ್ರದೇಶಕ್ಕೆ ಹೋಗುವ ಸೈನಿಕರಿಗೆ ಅಸೆಟಜೋಲಮೈಡ್ ಮಾತ್ರೆ ಕೊಡುವುದುಂಟು. ವಾಡಾ (ವಿಶ್ವ ಡೋಪಿಂಗ್ ನಿಗ್ರಹ ಸಂಸ್ಥೆ) ಪಟ್ಟಿಯಲ್ಲಿ ಅದು ಮೂತ್ರವರ್ಧಕ, ಪಂದ್ಯ ಇರಲಿ ಬಿಡಲಿ ವರ್ಷವಿಡೀ ನಿಷಿದ್ಧ. ನೋವಿನ ಮಾತ್ರೆ ಟ್ರಾಮಡಾಲ್ 2024ರಿಂದ ಪಂದ್ಯದ ಅವಧಿಯಲ್ಲಿ ನಿಷಿದ್ಧ. "ಮಿಲಿಟರಿ ಡಾಕ್ಟರೇ ಕೊಟ್ಟರು" ಎಂಬ ಮಾತು ನಡೆಯದು. ಚಿಕಿತ್ಸೆಗೆ ಬೇಕೇ ಬೇಕಾದರೆ ಮುಂಚಿತವಾಗಿ ವಿನಾಯಿತಿ ಪಡೆಯಬೇಕು. ಡೋಪಿಂಗ್ ಪರೀಕ್ಷೆಗೆಂದು ಆರಿಸಿದ ಆಟಗಾರರ ಗುಂಪಿನಲ್ಲಿ ನಿಮ್ಮ ಹೆಸರಿದ್ದರೆ ಪ್ರತಿದಿನ 60 ನಿಮಿಷ ಎಲ್ಲಿ ಸಿಗುತ್ತೀರಿ ಎಂದೂ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಡೋಪಿಂಗ್ ಅಪರಾಧ. ಠಾಣೆಯ ಜಾಗ ಗುಟ್ಟಾಗಿದ್ದರೆ ಏನು ಬರೆಯಬೇಕೆಂದು ಹೊರಡುವ ಮೊದಲೇ ಮೇಲಧಿಕಾರಿ ಮತ್ತು ಡೋಪಿಂಗ್ ನಿಗ್ರಹ ಸಂಸ್ಥೆ ಇಬ್ಬರ ಬಳಿಯೂ ಇತ್ಯರ್ಥ ಮಾಡಿಕೊಳ್ಳಿ.

ಬಡ್ತಿಗೆ ಬೇಕಾದ ಕೋರ್ಸುಗಳನ್ನು ದೊಡ್ಡ ಟೂರ್ನಿ ಮುಗಿದ ಮರುವರ್ಷಕ್ಕೆ ಇಟ್ಟುಕೊಳ್ಳುವುದು ಜಾಣತನ, ಆಗ ತಂಡದ ಕ್ಯಾಂಪುಗಳೂ ಕಡಿಮೆ. ಮತ್ತೊಂದು ಸಣ್ಣ ಮಾತು: ನೀವು ಆಡಲು ಹೋದ ರಾತ್ರಿಗಳಲ್ಲಿ ಪಹರೆ ನಿಂತವರು ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿ. ಮರಳಿದ ವಾರದಲ್ಲೇ ಅವರ ಪಾಳಿಯಲ್ಲಿ ನೀವು ನಿಂತರೆ, ಮುಂದಿನ ಅರ್ಜಿಗೆ ಯೂನಿಟ್ಟಿನಲ್ಲಿ ಯಾರೂ ಮೂಗು ಮುರಿಯುವುದಿಲ್ಲ.