ನೀತಿ ಪಾಠದ ಪಿರಿಯಡ್ ಮತ್ತು ಯಾರೂ ಕಾಯದ ಅಂಗಡಿ

ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ಓದಿದವರಿಗೆ ಆಫೀಸ್ ರೂಮಿನ ಪಕ್ಕದ ಬೀರು ನೆನಪಿರುತ್ತದೆ. ಒಳಗೆ ಪೆನ್ಸಿಲ್, ರಬ್ಬರ್, ನೂರು ಪುಟದ ನೋಟ್‌ಬುಕ್. ಬಾಗಿಲಿಗೆ ದರಪಟ್ಟಿ, ಪಕ್ಕದಲ್ಲಿ ತಗಡಿನ ಡಬ್ಬಿ. ದುಡ್ಡು ಹಾಕಿ, ತೆಗೆದುಕೊಂಡದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಯಾರು ತೆಗೆದುಕೊಂಡರು ಅಂತ ಮಾತ್ರ ಬರೆಯುವಂತಿರಲಿಲ್ಲ. ಶುಕ್ರವಾರ ಕೊನೆಯ ಪಿರಿಯಡ್‌ಗೆ, ಅಂದರೆ ನೀತಿ ಪಾಠದ ಪಿರಿಯಡ್‌ಗೆ, ಲೆಕ್ಕ.

ಕೊರತೆ ಬಂದರೆ ಮಕ್ಕಳನ್ನು ಗದರುವ ಮೊದಲು ಚಿಲ್ಲರೆ ನೋಡಬೇಕು. ಏಳು ರೂಪಾಯಿ ಪೆನ್ನಿಗೆ ಹತ್ತರ ನೋಟು ತಂದ ಮಗು ‘ನಾಳೆ ಹಾಕ್ತೀನಿ’ ಅಂದುಕೊಂಡು ಹೋಗುತ್ತದೆ, ಮರೆಯುತ್ತದೆ. ಹಾಗಾಗಿ ದರ 5, 10ರಲ್ಲೇ ಇರಬೇಕು, ಡಬ್ಬಿಯಲ್ಲಿ ಮೊದಲೇ ಒಂದಿಷ್ಟು ಐದರ ನಾಣ್ಯ ಬೇಕು. ಲೀಡರನ್ನು ಕಾವಲಿಗೆ ನಿಲ್ಲಿಸಿದರೆ ಆ ವಾರ ಲೆಕ್ಕ ಸರಿಹೋಗುತ್ತದೆ, ಕಾವಲು ತೆಗೆದ ವಾರ ಮತ್ತೆ ಅದೇ ಕಥೆ. ಅಮೆರಿಕದ ಸಾವಿರಾರು ಮಕ್ಕಳನ್ನು ಪರೀಕ್ಷಿಸಿದ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಎಂಬ ಸಂಶೋಧಕರು 1928ರಲ್ಲೇ ಹೇಳಿದ್ದರು: ಒಂದು ಕಡೆ ಮೋಸ ಮಾಡದ ಮಗು ಇನ್ನೊಂದು ಕಡೆ ಮಾಡಬಹುದು. ರೂಢಿಯೊಂದನ್ನೇ ನಂಬಿದರೆ ಸಾಲದು.

ಅದಕ್ಕೇ ಲೆಕ್ಕದ ಹಿಂದೆಯೇ ಚರ್ಚೆ. ಒಂದು ಸನ್ನಿವೇಶ ನೋಡಿ: ಕಾಫಿ ಕುಯ್ಲಿನ ಕಾಲ. ಅವ್ವ ಬೆಳಿಗ್ಗೆಯೇ ತೋಟಕ್ಕೆ ಹೋಗಿದ್ದಾಳೆ, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುವ ಹುಡುಗ ಲೇಟು. ಲೀಡರ್ ಅವನ ಗೆಳೆಯ. ಲೇಟ್ ಪುಸ್ತಕದಲ್ಲಿ ಹೆಸರು ಬರೆಯಬೇಕೋ ಬೇಡವೋ? ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ತೀರ್ಮಾನ, ಒಂದು ಕಾರಣ ಬರೆಯಬೇಕು, ಮಾತು ಆಮೇಲೆ. ಚೀಟಿ ಇಲ್ಲದಿದ್ದರೆ ಇಡೀ ಬೆಂಚು ಮುಂದಿನವನ ಕೈ ನೋಡಿ ಕೈ ಎತ್ತುತ್ತದೆ. ಎಲ್ಲರೂ ಒಂದೇ ಕಡೆ ವಾಲಿದರೆ ಸನ್ನಿವೇಶ ತಿರುಗಿಸಬೇಕು: ಅವನು ಗೆಳೆಯನಲ್ಲದಿದ್ದರೆ? ಇನ್ನೊಬ್ಬನಿಗೆ ಅದೇ ತಪ್ಪಿಗೆ ನಿನ್ನೆ ಶಿಕ್ಷೆಯಾಗಿದ್ದರೆ? ಆಮೇಲೆ ನಾಲ್ಕೈದು ಜನರ ಗುಂಪು, ಕೊನೆಗೆ ಇಡೀ ತರಗತಿ. ಪಿರಿಯಡ್ ಮುಗಿಯುವಾಗ ಎರಡನೇ ಚೀಟಿ.

ಮೇಷ್ಟ್ರು ‘ಯಾಕೆ?’ ಅಂತ ಕೇಳುವುದಷ್ಟೇ. ತೀರ್ಪು ಕೊಟ್ಟರೋ, ಮುಂದಿನ ವಾರದ ಚೀಟಿಗಳೆಲ್ಲ ಅವರಿಗೆ ಹಿಡಿಸುವ ಉತ್ತರಗಳೇ. ಎರಡು ಚೀಟಿ ಹೋಲಿಸುವಾಗ ‘ಬರೆಯಬೇಕು’, ‘ಬೇಡ’ ಎಂಬ ತೀರ್ಮಾನ ಲೆಕ್ಕಕ್ಕಿಲ್ಲ. ‘ಬೈತಾರೆ’ ಎಂದಿದ್ದ ಕಾರಣ ‘ಎಲ್ಲರಿಗೂ ಒಂದೇ ನಿಯಮ ಇರಲಿ’ ಎಂದಾಯಿತೇ ಅಂತ ನೋಡಬೇಕು. ಮಕ್ಕಳ ನೈತಿಕ ವಿವೇಚನೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1958ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೂಗಿದ್ದೂ ಕಾರಣವನ್ನೇ.

ಆದರೆ ಚರ್ಚೆ ಅಲ್ಲಿಗೇ ನಿಂತರೆ ಬಾಯಿ ಜೋರಿದ್ದವರ ಭಾಷಣಸ್ಪರ್ಧೆ ಆಗುತ್ತದೆ. ಒಪ್ಪಿದ್ದನ್ನು ಸೋಮವಾರದಿಂದ ಜಾರಿಗೆ ತರಬೇಕು, ತಿಂಗಳ ನಂತರ ಮತ್ತೆ ನೋಡಬೇಕು. ನಮ್ಮ ಲೇಟ್ ಪುಸ್ತಕಕ್ಕೆ ‘ಕಾರಣ’ ಎಂಬ ಕಾಲಂ ಬಂದದ್ದು ಹಾಗೆ. ಎಲ್ಲರೂ ‘ಬಸ್ ಲೇಟು’ ಎಂದೇ ತುಂಬಲು ಶುರುಮಾಡಿದಾಗ ಅದೇ ಇನ್ನೊಂದು ಶುಕ್ರವಾರದ ವಿಷಯವಾಯಿತು.